ಹಲ್ಲಿಲ್ಲದ ಹಿಡಿತ

ಕುಸುರಿ ಕೆಲಸಕ್ಕೆ ಒಂದು ಚಿಕ್ಕ ಬೆಂಚ್ ವೈಸ್ ಕೇಳಿದ್ರೆ ಅಂಗಡಿಯವರು ಹೊಗಳೋದು ಒಂದನ್ನೇ: 'ಭಾರಿ ಬಿಗಿ ಹಿಡಿಯತ್ತೆ ಸಾರ್.' ವೈಸಿನ ಚರಿತ್ರೆ ನೋಡಿದ್ರೆ ಬಿಗಿಯೊಂದೇ ಗುಣ ಅಲ್ಲ ಅನ್ನೋದು ಗೊತ್ತಾಗತ್ತೆ.

ನಮ್ಮ ಹಳ್ಳಿಗಳ ಬಡಗಿಗೆ ಅವನ ಕಾಲೇ ವೈಸ್. ನೆಲದ ಮೇಲೆ ಕೂತು, ಮರದ ತುಂಡನ್ನ ಪಾದದಲ್ಲಿ ಅದುಮಿ ಹಿಡಿದು, ಎರಡೂ ಕೈಯಲ್ಲಿ ಉಳಿ-ಕೊಡತಿ ನಡೆಸ್ತಿದ್ದ. ಎಷ್ಟು ಒತ್ತಿದರೆ ಸಾಕು ಅಂತ ಕಾಲಿಗೆ ಗೊತ್ತಾಗತ್ತೆ. ಯುರೋಪಿನಲ್ಲಿ ಈ ಕೆಲಸ ತಿರುಪಿನ ಪಾಲಿಗೆ ಬಂತು. ನ್ಯೂರೆಂಬರ್ಗಿನ 1505ರ ಒಂದು ಚಿತ್ರಸಂಪುಟದಲ್ಲಿ ಆಗಲೇ ತಿರುಪಿನ ಹಿಡಿಕೆ ಇರೋ ಬಡಗಿ ಮೇಜು ಇದೆ. ತಿರುಪಿಗೆ ಬಲ ಇದೆ, ಸ್ಪರ್ಶಜ್ಞಾನ ಇಲ್ಲ.

1789ರ ಲಂಡನ್. ಬೀಗಕ್ಕೆ ಹೆಸರಾದ ಜೋಸೆಫ್ ಬ್ರಾಮಾನ ಕಾರ್ಖಾನೆಗೆ ಹದಿನೆಂಟರ ಹೆನ್ರಿ ಮಾಡ್ಸ್ಲೆ ಕೆಲಸ ಕೇಳಿಕೊಂಡು ಬಂದ. ಏಳು ವರ್ಷದ ಶಿಷ್ಯವೃತ್ತಿ ಮುಗಿಸಿರಲಿಲ್ಲ. ನಮ್ಮ ಐಟಿ ಭಾಷೆಯಲ್ಲಿ ಡಿಗ್ರಿ ಇಲ್ಲದ ಕ್ಯಾಂಡಿಡೇಟ್. ಸ್ಯಾಮ್ಯುಯೆಲ್ ಸ್ಮೈಲ್ಸ್ ಬರೆದಿರೋ ಪ್ರಕಾರ, ಅಲ್ಲಿದ್ದ ಸವೆದ ಹಳೇ ವೈಸ್ ತೋರಿಸಿ, 'ಇದನ್ನ ಸಂಜೆಯೊಳಗೆ ಹೊಸದರ ಹಾಗೆ ಮಾಡಿಕೊಟ್ರೆ ಸಾಕಾ?' ಅಂತ ಹುಡುಗನೇ ಕೇಳಿದನಂತೆ. ದವಡೆಗೆ ಉಕ್ಕು ಕೂರಿಸಿ, ಅರದಲ್ಲಿ ಉಜ್ಜಿ, ಹಲ್ಲು ಕೊರೆದು ಹದ ಕೊಟ್ಟ. ಕೆಲಸ ಸಿಕ್ತು.

ಅಲ್ಲಿಯವರೆಗೆ ಎಷ್ಟೋ ತಿರುಪುಗಳ ಎಳೆಯನ್ನ ಕೈಯಲ್ಲೇ ಅರದಿಂದ ತೆಗೀತಿದ್ರು. ಒಂದರ ಹಾಗೆ ಇನ್ನೊಂದು ಇರ್ತಿರಲಿಲ್ಲ. 1800ರ ಆಸುಪಾಸಿನಲ್ಲಿ ಇದೇ ಮಾಡ್ಸ್ಲೆ, ಕರಾರುವಾಕ್ಕಾಗಿ ತಿರುಪಿನ ಎಳೆ ಕೊರೆಯೋ ಲೇತ್ ಮಾಡಿದ. ಒಂದೇ ಸಮನಾದ ಎಳೆ ಇದ್ರೆ ದವಡೆ ಕೂದಲೆಳೆಯಷ್ಟೇ ಸರಿಯೋ ಹಾಗೆ ತಿರುಗಿಸಬಹುದು. ಕಾಲಿನ ಆ ನಾಜೂಕು ತಿರುಪಿಗೂ ಸಿಗೋ ದಾರಿ ಆಯ್ತು.

ಹಾಗಾಗಿ ವೈಸ್ ಆರಿಸುವಾಗ ಮೊದಲು ತಿರುಪು ನೋಡಿ. ಹಿಡಿ ತಿರುಗಿಸಿದ ತಕ್ಷಣ ದವಡೆ ಸರೀಬೇಕು. ಮಧ್ಯೆ ಸಡಿಲ ಇದ್ರೆ ಎಷ್ಟು ಒತ್ತುತ್ತಿದೆ ಅನ್ನೋದು ನಿಮ್ಮ ಬೆರಳಿಗೆ ತಿಳಿಯಲ್ಲ. ಆಮೇಲೆ ದವಡೆ ಮುಚ್ಚಿ ಬೆಳಕಿಗೆ ಹಿಡೀರಿ. ಸಂದಿನಲ್ಲಿ ಒಂದು ಕಡೆ ಮಾತ್ರ ಬೆಳಕು ಬಂದ್ರೆ ಅದು ಓರೆ. ಮಾಡ್ಸ್ಲೆ ಕೊರೆದ ಹಲ್ಲು ಕಬ್ಬಿಣದ ತುಂಡಿಗೆ ಸರಿ. ಬೆಳ್ಳಿ ಓಲೆಗೋ ಗಂಧದ ಕೆತ್ತನೆಗೋ ಗಾಯ ಮಾಡತ್ತೆ. ಅಲ್ಲಿಗೆ ನುಣುಪಾದ ದವಡೆ ಬೇಕು, ಇಲ್ಲವೇ ಚರ್ಮದ್ದೋ ಮರದ್ದೋ ಹೊದಿಕೆ.

ಬಿಗಿ ಸಾಕು ಅನ್ನೋದನ್ನ ಕಬ್ಬಿಣ ಹೇಳಲ್ಲ. ಆ ಮಾತು ಹಿಡಿಯ ಮೂಲಕ ನಮ್ಮ ಕೈಗೆ ಕೇಳಿಸೋ ಹಾಗಿದ್ರೆ, ಅದೇ ಒಳ್ಳೇ ವೈಸ್.