ಗ್ರೋ ಟೆಂಟ್‌ನ ಬಲೆಹಂದರ

ಮನೆಯೊಳಗೆ ದೀಪದ ಬೆಳಕಿನಲ್ಲಿ ಗಿಡ ಬೆಳೆಸುವ ಗ್ರೋ ಟೆಂಟ್‌ನಲ್ಲಿ, ಕುಂಡಗಳ ಮೇಲೆ ನೆಲಕ್ಕೆ ಸಮಾಂತರವಾಗಿ ಬಿಗಿಯುವ ಬಲೆ. ಗಿಡದ ಕುಡಿಗಳನ್ನು ಇದರ ಕಣ್ಣುಗಳಲ್ಲಿ ತೂರಿಸಿ, ಪಕ್ಕಕ್ಕೆ ಬಾಗಿಸಿ ಹಬ್ಬಿಸುತ್ತಾರೆ. ಎಲ್ಲ ಕುಡಿಗಳೂ ದೀಪದಿಂದ ಹೆಚ್ಚುಕಡಿಮೆ ಒಂದೇ ದೂರದಲ್ಲಿ ಇರುವಂತೆ ಮಾಡುವುದೇ ಇದರ ಮುಖ್ಯ ಕೆಲಸ. ಕಾಯಿಯ ಭಾರ ಹೊರುವುದು ಆಮೇಲಿನ ಮಾತು.

ನಮ್ಮ ಕಡೆ ಹೀರೆ, ಹಾಗಲ, ತೊಂಡೆಗೆ ಹಾಕುವ ಚಪ್ಪರಕ್ಕೂ ಇದಕ್ಕೂ ನೆಂಟಸ್ತನವಿದೆ, ಆದರೆ ನಡೆ ಮಾತ್ರ ತಿರುಗುಮುರುಗು. ಚಪ್ಪರದಲ್ಲಿ ಬಳ್ಳಿ ಮೇಲೆ ಹತ್ತಿ ಹರಡಿಕೊಳ್ಳುತ್ತದೆ, ಕಾಯಿ ನೆರಳಿನಲ್ಲಿ ಕೆಳಗೆ ತೂಗುತ್ತದೆ. ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯ ಬೆಂಗಳೂರು ನೀಲಿ ದ್ರಾಕ್ಷಿಯದೂ ಇದೇ ಕ್ರಮ. ಟೆಂಟ್‌ನಲ್ಲಿ ಕೊಂಬೆ ಬಲೆಯ ಕೆಳಗೆ ಮಲಗುತ್ತದೆ, ಹೂ ಬಿಡುವ ಕುಡಿಗಳು ಬಲೆಯ ಮೇಲೆ ನಿಲ್ಲುತ್ತವೆ. ರೈತರು ಈಗ ಹಾಗಲ, ಹೀರೆ, ಸೌತೆಗೆ ಬಳಸುವ ಕ್ರೀಪರ್ ನೆಟ್ ಕೂಡ ಸಾಮಾನ್ಯವಾಗಿ ಗೋಡೆಯ ಹಾಗೆ ನೆಟ್ಟಗೆ ನಿಲ್ಲುವಂಥದು. ಅಡ್ಡ ಬಲೆಯ ಹತ್ತಿರದ ಪೂರ್ವಜನನ್ನು ಹೂ ಬೆಳೆಗಾರರ ಪಾಲಿಹೌಸ್‌ನಲ್ಲಿ ಹುಡುಕಬೇಕು. ಕಾರ್ನೇಷನ್ ಮಡಿಗಳ ಮೇಲೆ ಒಂದರ ಮೇಲೊಂದು ಹಲವು ಪದರ ಬಲೆ ಕಟ್ಟುವ ಪದ್ಧತಿ ಬಹಳ ಹಿಂದಿನದು. ಅಲ್ಲಿ ದಂಟನ್ನು ಬಾಗಿಸುವುದಿಲ್ಲ. ಮಾರುಕಟ್ಟೆಗೆ ನೇರ ದಂಟೇ ಬೇಕಾದ್ದರಿಂದ ಬಲೆ ಅದನ್ನು ಓರೆಯಾಗದಂತೆ ಹಿಡಿದಿಡುತ್ತದೆ, ಅಷ್ಟೆ. ಅದೇ ಬಲೆಯನ್ನು ಕುಡಿ ಬಾಗಿಸಲು ಬಳಸುವ ರೂಢಿಯನ್ನು ಹೆಚ್ಚಾಗಿ ಹಬ್ಬಿಸಿದವರು ಉತ್ತರ ಅಮೆರಿಕ ಮತ್ತು ಯೂರೋಪಿನಲ್ಲಿ ಮನೆಯೊಳಗೆ ಗಾಂಜಾ ಬೆಳೆಯುತ್ತಿದ್ದವರು. ಅವರಲ್ಲಿ ಇದಕ್ಕೆ ‘ಸ್ಕ್ರೀನ್ ಆಫ್ ಗ್ರೀನ್’ ಎಂಬ ಹೆಸರಿದೆ. ಭಾರತದಲ್ಲಿ 1985ರ ಮಾದಕವಸ್ತು ಕಾಯಿದೆಯಡಿ ಪರವಾನಗಿ ಇಲ್ಲದೆ ಆ ಬೆಳೆ ಬೆಳೆಯುವುದು ಅಪರಾಧ. ತಂತ್ರ ಮಾತ್ರ ಟೊಮೇಟೊ, ಮೆಣಸಿನಕಾಯಿ, ದೊಣ್ಣೆಮೆಣಸು, ಸೌತೆಗಳಿಗೂ ಹೊಂದುತ್ತದೆ.

ಇದರ ಅಗತ್ಯ ಹುಟ್ಟುವುದು ಟೆಂಟ್‌ನ ಅಳತೆಯಿಂದ. ಉಕ್ಕಿನ ಕೊಳವೆಗಳ ಚೌಕಟ್ಟಿಗೆ ದಪ್ಪ ಬಟ್ಟೆ ಹೊದಿಸಿ, ಒಳಮೈಗೆ ಬೆಳಕನ್ನು ಹಿಂದಕ್ಕೆ ಎಸೆಯುವ ಹೊಳಪಿನ ಪದರ ಕೊಟ್ಟಿರುತ್ತಾರೆ. ಸಾಮಾನ್ಯವಾಗಿ ಸಿಗುವ ಒಂದು ಅಳತೆ 120 ಸೆಂ.ಮೀ. ಉದ್ದ, ಅಷ್ಟೇ ಅಗಲ, 200 ಸೆಂ.ಮೀ. ಎತ್ತರ. ಇದರಲ್ಲಿ ಕುಂಡಕ್ಕೆ 30 ಸೆಂ.ಮೀ., ದೀಪ ಮತ್ತು ಅದನ್ನು ತೂಗುಹಾಕುವ ಹಗ್ಗಕ್ಕೆ ಸುಮಾರು 25, ದೀಪಕ್ಕೂ ಕುಡಿಗೂ ನಡುವೆ ಬಿಡಬೇಕಾದ ಅಂತರಕ್ಕೆ 40 ಕಳೆದರೆ ಗಿಡಕ್ಕೆ ಉಳಿಯುವುದು ಒಂದು ಮೀಟರಿನಷ್ಟು. ನಿಲ್ಲದೆ ಬೆಳೆಯುವ ಜಾತಿಯ ಟೊಮೇಟೊ ಎರಡು ಮೀಟರನ್ನು ಸಲೀಸಾಗಿ ದಾಟುತ್ತದೆ.

ಬೆಳಕಿನ ವಿಚಾರ ಇನ್ನೂ ಬಿಗಿ. ಚುಕ್ಕೆಯಂಥ ಒಂದು ದೀಪದಿಂದ ದೂರ ಇಮ್ಮಡಿಯಾದರೆ ಬೆಳಕಿನ ತೀವ್ರತೆ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಎಲ್‌ಇಡಿ ಹಲಗೆ ಚುಕ್ಕೆಯಲ್ಲ, ಸುತ್ತಲಿನ ಹೊಳಪು ಗೋಡೆಯೂ ಸ್ವಲ್ಪ ತುಂಬಿಕೊಡುತ್ತದೆ. ಹಾಗಾಗಿ ಟೆಂಟ್‌ನಲ್ಲಿ ಇಳಿತ ಅಷ್ಟು ಕಡಿದಾಗಿರುವುದಿಲ್ಲ. ಆದರೂ ಎತ್ತರದ ಒಂದು ಕುಡಿ ದೀಪಕ್ಕೆ ತಾಗುವಷ್ಟು ಏರಿ ಸುಟ್ಟುಕೊಳ್ಳುವಾಗ, ಅದರ ನೆರಳಿನಲ್ಲಿ ಬಿದ್ದ ಪಕ್ಕದ ಕೊಂಬೆಗಳು ಬಡಕಲಾಗುತ್ತವೆ. ಬಯಲಿನಲ್ಲಿ ಸೂರ್ಯ ದಿನವಿಡೀ ಓರೆ ಬದಲಿಸುತ್ತ ಕೆಳಗಿನ ಎಲೆಗೂ ಒಂದಿಷ್ಟು ಹೊತ್ತು ಬಿಸಿಲು ಕೊಡುತ್ತಾನೆ. ತೂಗುಹಾಕಿದ ದೀಪ ಕದಲುವುದಿಲ್ಲ. ಆದ್ದರಿಂದ ಗಿಡವನ್ನೇ ಬೆಳಕಿನ ಆಕಾರಕ್ಕೆ ತಕ್ಕಂತೆ ಹರಡಬೇಕಾಗುತ್ತದೆ.

ಬಾಗಿಸಿದರೆ ಗಿಡ ಕವಲೊಡೆಯುವುದೇಕೆ ಎಂಬುದು ಸಸ್ಯಶಾಸ್ತ್ರದ ಸೊಗಸಾದ ಅಧ್ಯಾಯಗಳಲ್ಲಿ ಒಂದು. ನೇರವಾಗಿ ಬೆಳೆಯುವ ಗಿಡದಲ್ಲಿ ತುದಿ ಮೊಗ್ಗು ಯಜಮಾನ, ಎಲೆಗಳ ಕಂಕುಳಲ್ಲಿರುವ ಮೊಗ್ಗುಗಳು ಸುಮ್ಮನಿರುತ್ತವೆ. ಚಾರ್ಲ್ಸ್ ಡಾರ್ವಿನ್ ತನ್ನ ಮಗ ಫ್ರಾನ್ಸಿಸ್‌ನೊಂದಿಗೆ 1880ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಹುಲ್ಲಿನ ಮೊಳಕೆಯ ತುದಿ ಬೆಳಕನ್ನು ಗ್ರಹಿಸಿ ಕೆಳಭಾಗಕ್ಕೆ ಯಾವುದೋ ಪ್ರಭಾವವನ್ನು ಕಳಿಸುತ್ತದೆ ಎಂದು ತೋರಿಸಿದ. ಆ ಪ್ರಭಾವ ಒಂದು ರಾಸಾಯನಿಕ ಎಂಬುದನ್ನು 1920ರ ದಶಕದಲ್ಲಿ ಓಟ್ಸ್ ಮೊಳಕೆಗಳ ಪ್ರಯೋಗದಿಂದ ಸ್ಥಾಪಿಸಿದವನು ಡಚ್ ವಿಜ್ಞಾನಿ ಫ್ರಿಟ್ಸ್ ವೆಂಟ್. ಅದೇ ಆಕ್ಸಿನ್. 1933–34ರಲ್ಲಿ ಕೆನೆತ್ ಥೀಮನ್ ಮತ್ತು ಫೋಲ್ಕೆ ಸ್ಕೂಗ್ ಬ್ರಾಡ್ ಬೀನ್ ಗಿಡದ ತುದಿ ಕತ್ತರಿಸಿ, ಆ ಜಾಗಕ್ಕೆ ಆಕ್ಸಿನ್ ಹಚ್ಚಿದರು. ತುದಿಯೇ ಇಲ್ಲದಿದ್ದರೂ ಕಂಕುಳ ಮೊಗ್ಗುಗಳು ಏಳಲಿಲ್ಲ. ಕತೆ ಅಲ್ಲಿಗೆ ಮುಗಿಯಲಿಲ್ಲ: ಬಟಾಣಿ ಗಿಡದ ಮೇಲೆ ನಡೆದ, 2014ರಲ್ಲಿ ಪ್ರಕಟವಾದ ಅಧ್ಯಯನವೊಂದು, ಮೊಗ್ಗು ಮೊದಲು ಎಚ್ಚೆತ್ತುಕೊಳ್ಳುವುದು ತನ್ನತ್ತ ಹರಿದುಬರುವ ಸಕ್ಕರೆಯಿಂದ ಎಂದು ಕಂಡುಕೊಂಡಿತು. ಬೆಳೆಗಾರನ ಕೈಗೆ ಸಿಗುವ ಸಾರ ಇಷ್ಟು: ತುದಿ ಎಲ್ಲಕ್ಕಿಂತ ಮೇಲೆ ಇಲ್ಲದಂತಾದರೆ ಅದರ ಹಿಡಿತ ಸಡಿಲುತ್ತದೆ, ಮಲಗಿದ ಕೊಂಬೆಯ ಮೇಲ್ಭಾಗದ ಮೊಗ್ಗುಗಳು ಸಾಲಾಗಿ ಏಳುತ್ತವೆ. ತುದಿ ಚಿವುಟಿದರೂ ಕವಲು ಬರುತ್ತದೆ, ಆದರೆ ಗಿಡ ಗಾಯದಿಂದ ಚೇತರಿಸಿಕೊಳ್ಳಲು ಕೆಲವು ದಿನ ಕಳೆದುಕೊಳ್ಳುತ್ತದೆ. ಬಾಗಿಸಿದಾಗ ಆ ನಷ್ಟ ಕಡಿಮೆ. ಅನೇಕರು ಎರಡನ್ನೂ ಮಾಡುತ್ತಾರೆ: ಸಸಿಯನ್ನು ಐದಾರು ಎಲೆಯಾದಾಗ ಒಮ್ಮೆ ಚಿವುಟಿ, ಆಮೇಲೆ ಬಲೆಗೆ ಬಿಡುತ್ತಾರೆ.

ಬಲೆಯ ಕಣ್ಣು ಸಾಮಾನ್ಯವಾಗಿ 10ರಿಂದ 15 ಸೆಂ.ಮೀ. ಚೌಕ. ಕಾಯಿ ಹಿಡಿದ ಕೈ ಮೇಲಕ್ಕೆ ಬರಬೇಕಾದರೆ 15 ಸೆಂ.ಮೀ. ಅನುಕೂಲ. ಆ ಲೆಕ್ಕದಲ್ಲಿ 120 ಸೆಂ.ಮೀ. ಚದರದ ಟೆಂಟ್‌ನಲ್ಲಿ ಎಂಟೆಂಟಲೆ 64 ಕಣ್ಣು. ನಾಲ್ಕು ಗಿಡ ಇಟ್ಟರೆ ಒಂದೊಂದಕ್ಕೆ 16. ಅಂಗಡಿಯಲ್ಲಿ ಸಿಗುವುದು ನಾಲ್ಕು ಮೂಲೆಗೆ ಕೊಕ್ಕೆಯಿರುವ ಎಲಾಸ್ಟಿಕ್ ಬಲೆ ಅಥವಾ ಉರುಳೆಯಲ್ಲಿ ಸುತ್ತಿದ ಪ್ಲಾಸ್ಟಿಕ್ ಬಲೆ. ಎಲಾಸ್ಟಿಕ್ ಬಲೆ ಕಟ್ಟಲು ಸುಲಭ, ಆದರೆ ಕುಡಿಗಳು ಕೆಳಗಿನಿಂದ ತಳ್ಳಿದಂತೆ ನಡುವೆ ಉಬ್ಬುತ್ತದೆ. ಉಬ್ಬಿದ ಬಲೆ ಎಲ್ಲ ಕುಡಿಗಳನ್ನೂ ಸಮವಾಗಿಡುವ ತನ್ನ ಮುಖ್ಯ ಕೆಲಸವನ್ನೇ ಮರೆತಂತೆ. ಪಿವಿಸಿ ಪೈಪಿನ ಚೌಕಟ್ಟು ಮಾಡಿ ಅದಕ್ಕೆ ಸೆಣಬಿನ ದಾರವನ್ನು ಹೆಣೆದುಕೊಳ್ಳುವುದು ಇದಕ್ಕಿಂತ ಮೇಲು. ತೀರಾ ಸಣ್ಣ ದಾರ ಮಾತ್ರ ಬೇಡ, ಭಾರ ಬಿದ್ದಾಗ ಅದು ದಂಟನ್ನು ಕೊಯ್ಯುತ್ತದೆ.

ಕುಂಡದ ಬಾಯಿಂದ 20–30 ಸೆಂ.ಮೀ. ಮೇಲೆ ಬಲೆ ಬಿಗಿಯುತ್ತಾರೆ. ಕುಡಿ ಕಣ್ಣಿನಿಂದ ನಾಲ್ಕೈದು ಸೆಂ.ಮೀ. ಮೇಲೆದ್ದಾಗ ಅದನ್ನು ಮೆಲ್ಲಗೆ ಕೆಳಗೆ ಎಳೆದು, ಗಿಡದ ನಡುವಿನಿಂದ ಹೊರಮುಖವಾಗಿ ಮುಂದಿನ ಕಣ್ಣಿಗೆ ದಾಟಿಸಬೇಕು. ಎರಡು ಮೂರು ದಿನಕ್ಕೊಮ್ಮೆ ಇದೇ ಕೆಲಸ. ಎಳೆಯ ದಂಟು ಮಾತ್ರ ಬಾಗುತ್ತದೆ, ನಾರು ಕಟ್ಟಿದ ಮೇಲೆ ಮುರಿಯುತ್ತದೆ. ನೀರುಂಡ ಗಿಡದ ದಂಟು ಬಿರುಸಾಗಿರುತ್ತದೆ. ಮುಂದಿನ ನೀರಿಗೆ ಕಾಯುತ್ತಿರುವಾಗ ಜೀವಕೋಶಗಳ ಬಿಗುವು ಇಳಿದು, ಅದು ಮಾತು ಕೇಳುತ್ತದೆ. ಟೊಮೇಟೊ ದಂಟು ಮಡಚಿ ಸೀಳಿದರೂ ಒಂದು ಬದಿಯ ತೊಗಟೆ ಉಳಿದಿದ್ದರೆ, ಪಟ್ಟಿ ಸುತ್ತಿ ಆಸರೆ ಕೊಟ್ಟರೆ ಕೂಡಿಕೊಳ್ಳುತ್ತದೆ. ದೊಣ್ಣೆಮೆಣಸು ಹಾಗಲ್ಲ, ಅದರ ಕವಲಿನ ಸಂದು ಪಟ್ಟನೆ ಸಿಗಿಯುತ್ತದೆ. ಅದನ್ನು ತೀರಾ ಎಳೆಯದರಲ್ಲೇ ತಿದ್ದಬೇಕು. ಬಲೆಯ ಮುಕ್ಕಾಲು ಪಾಲು ತುಂಬಿದಾಗ ಬಾಗಿಸುವುದನ್ನು ನಿಲ್ಲಿಸಿ ಕುಡಿಗಳನ್ನು ಮೇಲಕ್ಕೆ ಬಿಡುತ್ತಾರೆ. ಕಾಯಿ ಭಾರವಾಗುವ ಬೆಳೆಗೆ 20–30 ಸೆಂ.ಮೀ. ಮೇಲೆ ಎರಡನೆಯ ಬಲೆ ಬೇಕು. ಇದರ ಕೆಲಸ ಆಸರೆ ಮಾತ್ರ.

ಬಲೆ ತುಂಬಿದ ಮೇಲೆ ಅದರ ಕೆಳಗೆ ಕತ್ತಲೆ. ಅಲ್ಲಿನ ಎಲೆಗಳು ತಿನ್ನುವುದು ಹೆಚ್ಚು, ದುಡಿಯುವುದು ಕಡಿಮೆ, ಸಾಲದ್ದಕ್ಕೆ ತೇವವನ್ನು ಹಿಡಿದಿಡುತ್ತವೆ. ಅವನ್ನು ಬಿಡಿಸಿ, ಬಲೆಯ ಕೆಳಗೂ ಮೇಲೂ ಫ್ಯಾನಿನ ಗಾಳಿ ಆಡುವಂತೆ ಮಾಡದಿದ್ದರೆ ಬೂದಿರೋಗವೂ ಬೂದು ಬೂಸ್ಟೂ ಬರುತ್ತವೆ. ಜೇನು ಸುಳಿಯದ ಜಾಗವಾದ್ದರಿಂದ ಟೊಮೇಟೊ ಹೂವಾದಾಗ ಬಲೆಯನ್ನು ಮೆಲ್ಲಗೆ ತಟ್ಟಿದರೆ ಪರಾಗ ಉದುರುತ್ತದೆ, ಒಂದು ತಟ್ಟಿಗೆ ಎಲ್ಲ ಗಿಡಗಳೂ ಅಲುಗುತ್ತವೆ. ಸೌತೆಯಲ್ಲಿ ಪರಾಗವಿಲ್ಲದೆ ಕಾಯಿ ಕಟ್ಟುವ ತಳಿಯನ್ನೇ ಆರಿಸಬೇಕು.

ಎಲ್ಲ ಗಿಡಕ್ಕೂ ಇದು ಸಲ್ಲದು. ಚಳಿದೇಶಗಳಲ್ಲಿ ನೆಲೆಸಿದ ಕನ್ನಡಿಗರು ಬಸಳೆಯನ್ನು ಟೆಂಟ್‌ನಲ್ಲಿ ಬೆಳೆಯಬಹುದು, ಆದರೆ ಅದು ಸುತ್ತಿಕೊಂಡು ಮೇಲೇರುವ ಬಳ್ಳಿ, ಅಡ್ಡ ಬಲೆಯಲ್ಲಿ ಮಲಗಿಸಿದರೂ ಮತ್ತೆ ಮತ್ತೆ ಏಳುತ್ತದೆ. ಅದಕ್ಕೆ ಟೆಂಟ್‌ನ ಒಂದು ಬದಿಗೆ ನೆಟ್ಟಗಿನ ಬಲೆ ಸಾಕು. ಸಾರಿಗೆ, ಹುಳಿಗೆ ಕುಡಿ ಕೊಯ್ದಾಗಲೆಲ್ಲ ತುದಿಯ ಯಜಮಾನಿಕೆ ತಾನಾಗಿಯೇ ತಪ್ಪಿ ಕವಲು ಹೆಚ್ಚುತ್ತದೆ. ಕೊತ್ತಂಬರಿ, ಮೆಂತ್ಯ, ಪಾಲಕ್‌ಗೆ ಬಲೆಯೇ ಬೇಡ.

ದೊಡ್ಡ ತೊಡಕು ಒಂದಿದೆ: ಹೆಣೆದ ಮೇಲೆ ಕುಂಡ ಕದಲಿಸಲು ಆಗದು. ಹಿಂದಿನ ಮೂಲೆಗೆ ಕೈ ಎಟುಕದ ಟೆಂಟ್‌ನಲ್ಲಿ ನೀರು ಹಾಕುವುದು, ಬಸಿದ ನೀರು ತೆಗೆಯುವುದು, ಕೀಟ ಹುಡುಕುವುದು ಎಲ್ಲವೂ ಕಷ್ಟ. ಹನಿ ನೀರಾವರಿಯ ನಳಿಕೆ, ಕುಂಡದ ಕೆಳಗಿನ ತಟ್ಟೆ, ಅದರಿಂದ ನೀರು ಹೊರಹೋಗುವ ಪೈಪು ಇವನ್ನೆಲ್ಲ ಬಲೆ ಬಿಗಿಯುವ ಮೊದಲೇ ಜೋಡಿಸಿಡಬೇಕು. ಬಲೆಯನ್ನು ಚೌಕಟ್ಟಿನ ಕಂಬಗಳಿಗೆ ಸಮನಾಗಿ ಬಿಗಿಯದಿದ್ದರೆ ಕಂಬಗಳು ಒಳಕ್ಕೆ ವಾಲಿ, ಅವುಗಳ ಮೇಲೇ ತೂಗುವ ದೀಪವೂ ಓರೆಯಾಗುತ್ತದೆ.

ಕೊಯ್ಲಾದ ಮೇಲೆ ಪ್ಲಾಸ್ಟಿಕ್ ಬಲೆಯಿಂದ ಒಣದಂಟು ಬಿಡಿಸುವುದು ಬೇಸರದ ಕೆಲಸ, ಬಲೆಯ ಚೂರುಗಳು ಗೊಬ್ಬರಕ್ಕೂ ಸೇರುತ್ತವೆ. ಟೊಮೇಟೊ ಮೊಸಾಯಿಕ್ ವೈರಸ್ ಒಣಗಿದ ಗಿಡದ ಅವಶೇಷದಲ್ಲಿ ಬಹುಕಾಲ ಉಳಿಯುವುದರಿಂದ, ರೋಗ ಕಂಡ ಗಿಡ ಹಬ್ಬಿದ್ದ ಬಲೆಯನ್ನು ಮುಂದಿನ ಬೆಳೆಗೆ ಕಟ್ಟಬಾರದು. ಗಿಡ ಆರೋಗ್ಯವಾಗಿದ್ದರೆ ಸೆಣಬಿನ ದಾರವನ್ನು ನಾಲ್ಕು ಬದಿ ಕತ್ತರಿಸಿ, ಬಳ್ಳಿಯ ಸಮೇತ ಗೊಬ್ಬರದ ಗುಂಡಿಗೆ ಹಾಕಬಹುದು.