ಉಕ್ಕಿನ ಒಲೆಗೆ ಗಾಜಿನ ಕವಚ
ಷಿಕಾಗೋ ನಗರದ ವೆಬರ್ ಬ್ರದರ್ಸ್ ಲೋಹಶಾಲೆಯಲ್ಲಿ ನೀರಿನಲ್ಲಿ ತೇಲುವ ಬೋಯೆಗಳಿಗಾಗಿ ಉಕ್ಕಿನ ಅರ್ಧಗೋಳಗಳನ್ನು ಬೆಸೆಯುತ್ತಿದ್ದ ಜಾರ್ಜ್ ಸ್ಟೀಫನ್ ಎಂಬಾತನು, ಗಾಳಿಮಳೆಗಳ ಹಾವಳಿಯಿಲ್ಲದೆ ಕೆಂಡದ ಮೇಲೆ ಮಾಂಸವನ್ನು ಬೇಯಿಸಬೇಕೆಂಬ ಹಂಬಲದಿಂದ, 1952ರಲ್ಲಿ ಅಂತಹ ಗೋಳಾರ್ಧವನ್ನೇ ಒಲೆಯನ್ನಾಗಿಸಿ, ಇನ್ನೊಂದನ್ನು ಅದಕ್ಕೆ ಮುಚ್ಚಳವನ್ನಾಗಿ ಕವುಚಿದನು. ಉಕ್ಕಿಗೆ ತುಕ್ಕು ತಾಗದಿರಲೆಂದು ಗಾಜಿನ ಪುಡಿಯನ್ನು ಲೇಪಿಸಿ, ಸುಮಾರು 800 ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ ಕರಗಿಸಿ ಬೆಸೆಯುವ ಎನಾಮಲ್ ವಿದ್ಯೆಯು ಈ ಒಲೆಗೂ ಒದಗಿಬಂದಿತು. ಆರುವಾಗ ಉಕ್ಕು ಗಾಜಿಗಿಂತ ಅಧಿಕವಾಗಿ ಸಂಕುಚಿಸುವುದರಿಂದ ಲೇಪವು ಸದಾ ಒತ್ತಡದಲ್ಲಿರುತ್ತದೆ. ಸಮತಲದಲ್ಲಿ ಅದಕ್ಕೆ ಬಲವನ್ನೀಯುವ ಈ ಒತ್ತಡವೇ, ಅಂಚುಗಳ ಮತ್ತು ರಂಧ್ರಗಳ ತೀಕ್ಷ್ಣವಾದ ಬಾಗಿನಲ್ಲಿ ಅದನ್ನು ಲೋಹದಿಂದ ಹೊರದೂಡುತ್ತದೆ. ಪೆಟ್ಟು ಬಿದ್ದೆಡೆ ಉಕ್ಕು ಬಾಗಬಲ್ಲುದು, ಗಾಜು ಬಾಗಲಾರದು; ಆದುದರಿಂದ ಮುಚ್ಚಳವನ್ನು ಮೃದುವಾಗಿ ಇರಿಸುವ ಕೈಯೇ ಆ ಕವಚಕ್ಕೆ ನಿಜವಾದ ರಕ್ಷೆ.