ಕಂಪ್ರೆಸರ್ ಸ್ಟಾಲ್ ಮತ್ತು ಥ್ರಾಟಲ್: ಎಫ್-14 ಹಾಗೂ ಗೊಟ್ರೋರಾ ಪ್ರಕರಣಗಳ ತುಲನೆ

ಜೆಟ್ ಎಂಜಿನ್ನಿನ ಕಂಪ್ರೆಸರ್ ಸ್ಟಾಲ್ ಮೇಲ್ನೋಟಕ್ಕೆ ಎಂಜಿನ್ನಿನ ದೋಷ. ವಾಸ್ತವದಲ್ಲಿ ಎಂಜಿನ್, ಅದಕ್ಕೆ ಒದಗುವ ಗಾಳಿ ಮತ್ತು ಇಂಧನದ ನಿಯಂತ್ರಣ ಈ ಮೂರರ ಹೊಂದಾಣಿಕೆ ಕೆಟ್ಟಾಗ ಅದು ಹುಟ್ಟುತ್ತದೆ. ಯುದ್ಧವಿಮಾನದಲ್ಲೂ ಪ್ರಯಾಣಿಕ ವಿಮಾನದಲ್ಲೂ ಸ್ಟಾಲಿನ ಕಾರಣಗಳು ಬೇರೆಬೇರೆ. ಅದು ಅಪಘಾತದವರೆಗೆ ಬೆಳೆಯುತ್ತದೆಯೇ ಎಂಬುದು ಮಾತ್ರ ಎರಡರಲ್ಲೂ ಥ್ರಾಟಲಿನ ನಿರ್ವಹಣೆಗೆ ಬಹುಮಟ್ಟಿಗೆ ಅಂಟಿಕೊಂಡಿದೆ ಎಂಬುದು ಈ ಲೇಖನದ ವಾದ.

ಕಂಪ್ರೆಸರಿನ ಪ್ರತಿ ಅಲಗೂ ಒಂದು ಪುಟ್ಟ ರೆಕ್ಕೆ. ತಿರುಗುವ ವೇಗ ಅಷ್ಟೇ ಇದ್ದು ಒಳಬರುವ ಗಾಳಿ ಕುಗ್ಗಿದರೆ, ಗಾಳಿ ಅಲಗನ್ನು ತಾಕುವ ಕೋನ ಹೆಚ್ಚುತ್ತದೆ. ಮಿತಿ ದಾಟಿದೊಡನೆ ಹರಿವು ಅಲಗಿನ ಬೆನ್ನಿನಿಂದ ಬೇರ್ಪಡುತ್ತದೆ. ಇದೇ ಸ್ಟಾಲ್. ಹೀಗೆ ಕಟ್ಟಿಕೊಂಡ ಸಂದಿನಿಂದ ಪಕ್ಕಕ್ಕೆ ಸರಿದ ಗಾಳಿ ನೆರೆಯ ಅಲಗಿನ ಕೋನವನ್ನೂ ಕೆಡಿಸುವುದರಿಂದ ಸ್ಟಾಲ್ ಅಲಗಿನಿಂದ ಅಲಗಿಗೆ ಸಾಗುತ್ತದೆ. ಈ ತಿರುಗುವ ಸ್ಟಾಲನ್ನು ಎಮನ್ಸ್ ಮತ್ತು ಸಂಗಡಿಗರು 1955ರಲ್ಲಿ ವಿವರಿಸಿದರು. ಇಡೀ ಹರಿವೇ ಹಿಂದಕ್ಕೂ ಮುಂದಕ್ಕೂ ತುಯ್ದಾಡಿದರೆ ಅದು ಸರ್ಜ್. ಆಗ ದೊಡ್ಡ ಸದ್ದಿನೊಡನೆ ಎಂಜಿನ್ನಿನ ಮುಂಬದಿಯಿಂದಲೂ ಜ್ವಾಲೆ ಚಿಮ್ಮಬಹುದು. ಎರಡರಲ್ಲಿ ಯಾವುದು ಸಂಭವಿಸುತ್ತದೆ ಎಂಬುದು ಅಲಗಿನ ವೇಗವನ್ನೂ ಕಂಪ್ರೆಸರಿನ ಹಿಂದೆ ತುಂಬಿರುವ ಗಾಳಿಯ ಗಾತ್ರವನ್ನೂ ಅವಲಂಬಿಸಿದೆ ಎಂದು ಗ್ರೈಟ್ಸರ್ 1976ರಲ್ಲಿ ತೋರಿಸಿದರು. ಎಂಜಿನ್ ನಡೆಯುತ್ತಿರುವ ಸ್ಥಿತಿಗೂ ಈ ಮಿತಿಗೂ ನಡುವಿನ ಅಂತರವೇ ಸರ್ಜ್ ಮಾರ್ಜಿನ್. ಥಟ್ಟನೆ ಇಂಧನ ಹೆಚ್ಚಿಸಿದರೆ ದಹನಕೋಣೆಯ ಒತ್ತಡ ಏರಿ ಈ ಮಾರ್ಜಿನ್ ಕರಗುತ್ತದೆ.

ಅಮೆರಿಕ ನೌಕಾಪಡೆಯ ಎಫ್-14ಎ ವಿಮಾನದ ಟಿಎಫ್30 ಎಂಜಿನ್, ಮೂತಿ ಬಹಳ ಮೇಲೆತ್ತಿದಾಗಲೂ ಥ್ರಾಟಲನ್ನು ಬಿರುಸಾಗಿ ಸರಿಸಿದಾಗಲೂ ಸ್ಟಾಲ್ ಆಗುತ್ತಿತ್ತು. ಎರಡು ಎಂಜಿನ್‌ಗಳು ದೂರದೂರ ಇದ್ದುದರಿಂದ ಒಂದು ಸೋತರೆ ವಿಮಾನ ಆ ಬದಿಗೆ ಹೊರಳುತ್ತಿತ್ತು. 1994ರ ಅಕ್ಟೋಬರ್ 25ರಂದು ಅಬ್ರಹಾಂ ಲಿಂಕನ್ ಹಡಗಿಗೆ ಇಳಿಯಲು ಬರುವಾಗ ಎಡ ಎಂಜಿನ್ ಸ್ಟಾಲ್ ಆಗಿ ಪೈಲಟ್ ಕಾರಾ ಹಲ್ಟ್‌ಗ್ರೀನ್ ಸಾವಿಗೀಡಾದರು. ಮಾರ್ಜಿನ್ ಕಾಯುವ ಹೊಣೆ ಇಲ್ಲಿ ಪೈಲಟ್ಟಿನ ಕೈಮೇಲಿತ್ತು. ನಂತರದ ಮಾದರಿಗಳಲ್ಲಿ ಎಫ್110 ಎಂಜಿನ್ ಬಂದಾಗ ಆ ಹೊರೆ ಇಳಿಯಿತು.

ಸ್ಕ್ಯಾಂಡಿನೇವಿಯನ್ ಏರ್‌ಲೈನ್ಸ್‌ನ ಎಂಡಿ-81 ವಿಮಾನದ ಕಥೆ ಇದಕ್ಕೆ ತಿರುವುಮುರುವು. ಅದು 1991ರ ಡಿಸೆಂಬರ್ 27ರಂದು ಸ್ಟಾಕ್‌ಹೋಮಿನ ಆರ್ಲಾಂಡಾದಿಂದ ಹೊರಟಿತು. ರೆಕ್ಕೆಯ ಮೇಲೆ ಉಳಿದಿದ್ದ ಪಾರದರ್ಶಕ ಮಂಜುಗಡ್ಡೆ ಕಳಚಿ, ಬಾಲದ ಬಳಿಯ ಎಂಜಿನ್‌ಗಳೊಳಗೆ ಹೋಗಿ ಫ್ಯಾನಿನ ಅಲಗುಗಳನ್ನು ಕೆಡಿಸಿತು. ನೆಲ ಬಿಟ್ಟ ಸುಮಾರು 25 ಸೆಕೆಂಡಿಗೆ ಬಲ ಎಂಜಿನ್ ಸರ್ಜ್ ಆಯಿತು. ಪೈಲಟ್ ಥ್ರಾಟಲನ್ನು ತುಸು ತಗ್ಗಿಸಿದರು. ಆದರೆ ನೂಕುಬಲ ಕಾಪಾಡಲೆಂದು ಅಳವಡಿಸಿದ್ದ ಸ್ವಯಂಚಾಲಿತ ವ್ಯವಸ್ಥೆ, ಸರ್ಜಿನ ಪರಿವೆಯಿಲ್ಲದೆ ಅದನ್ನು ಮತ್ತೆ ಏರಿಸಿತು. ಅಂಥದೊಂದು ವ್ಯವಸ್ಥೆಯಿದೆ ಎಂಬುದೇ ಪೈಲಟ್‌ಗಳಿಗೆ ಗೊತ್ತಿರಲಿಲ್ಲ. ಎಡ ಎಂಜಿನ್ನೂ ಸರ್ಜ್ ಆಗಿ, ಎರಡೂ ಮುರಿದವು. ವಿಮಾನ ಗೊಟ್ರೋರಾದ ಹೊಲದಲ್ಲಿ ಇಳಿದು ತುಂಡಾಯಿತು. ಒಳಗಿದ್ದ 129 ಮಂದಿಯೂ ಬದುಕಿದರು. ಮಂಜುಗಡ್ಡೆ ತೆಗೆಸುವ ಕ್ರಮದ ಕೊರತೆ ಮೂಲಕಾರಣವೆಂದೂ, ಸರ್ಜ್ ಗುರುತಿಸಿ ನಿಲ್ಲಿಸುವ ತರಬೇತಿಯಿಲ್ಲದ್ದು ಪೂರಕ ಕಾರಣವೆಂದೂ ತನಿಖೆ ಹೇಳಿತು.

ಹಾಗೆಂದು ಥ್ರಾಟಲ್ ತಗ್ಗಿಸುವುದು ಸರ್ವರೋಗಕ್ಕೆ ಮದ್ದಲ್ಲ. 2009ರ ಜನವರಿ 15ರಂದು ಹೆಬ್ಬಾತುಗಳು ಬಡಿದು ಹಡ್ಸನ್ ನದಿಗಿಳಿದ ಏರ್‌ಬಸ್ಸಿನ ಎಂಜಿನ್‌ಗಳು ಒಳಗಿನಿಂದಲೇ ಜಖಂಗೊಂಡಿದ್ದವು. ಅಲ್ಲಿ ಮರಳಿ ಪಡೆಯಲು ಮಾರ್ಜಿನ್ನೇ ಉಳಿದಿರಲಿಲ್ಲ. ಹಡಗಿನ ಮೇಲೆ ಇಳಿಯುವ ಕೊನೆಯ ಕ್ಷಣಗಳಲ್ಲಿ ಥ್ರಾಟಲ್ ತಗ್ಗಿಸಲು ಬೇಕಾದ ಎತ್ತರವೇ ಇರುವುದಿಲ್ಲ. ಗೊಟ್ರೋರಾದಲ್ಲಾದರೋ ಮೊದಲ ಸದ್ದಿಗೂ ಎಂಜಿನ್ ಮುರಿದುದಕ್ಕೂ ನಡುವೆ ಸುಮಾರು 50 ಸೆಕೆಂಡುಗಳಿದ್ದವು. ಸರ್ಜನ್ನು ತಾನೇ ಗುರುತಿಸಿ ಕ್ಷಣಕಾಲ ಇಂಧನ ಕಡಿತಗೊಳಿಸುವ ಡಿಜಿಟಲ್ ನಿಯಂತ್ರಕಗಳ ಬೆಲೆ ತಿಳಿಯುವುದು ಇಂಥ ಅವಧಿಯಲ್ಲಿ. ಆದ್ದರಿಂದ ನೂಕುಬಲ ಹೆಚ್ಚಿಸುವ ಅಧಿಕಾರ ಯಾವ ವ್ಯವಸ್ಥೆಗಿದೆಯೋ, ಸರ್ಜ್ ಗುರುತಿಸುವ ಸಾಮರ್ಥ್ಯವೂ ಅದಕ್ಕೇ ಇರಬೇಕು. ಅದು ಇರುವ ಸಂಗತಿ ಪೈಲಟ್‌ಗೂ ತಿಳಿದಿರಬೇಕು.